ಅತ್ತೆ ಮತ್ತು ನೀಲಿ ನೀರು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಗಂಡನೂ ದೇವದುರ್ಗದ ಕಡೆಯ ಹಳ್ಳಿಯಿಂದ ರಾಯಚೂರಿಗೆ ಬಂದು ಮನೆ ಮಾಡಿದೆವು. ಜೊತೆಗೆ ಅತ್ತೆಯೂ ಬಂದರು. ಊರಲ್ಲಿ ಹಗಲೆಲ್ಲ ಕುರಿಗಳ ಹಿಂದೆ ನಡೆದವರು ಇಲ್ಲಿ ಕಟ್ಟೆಯ ಮೇಲೆ ಕೂತು ಬೀದಿ ನೋಡತೊಡಗಿದರು. ಬರಬರುತ್ತ ಸೊರಗಿದರು. ಎಷ್ಟು ಕುಡಿದರೂ ನೀರಡಿಕೆ ತೀರದು.

ಒಂದು ಬೆಳಿಗ್ಗೆ ಬಚ್ಚಲಿನಿಂದ ಕೂಗಿದರು. "ಯವ್ವಾ, ಇಲ್ಲಿ ಬಾ. ನಾನು ಕುಂತೆದ್ದ ಜಾಗಕ್ಕ ಇರುವಿ ಮುತ್ತ್ಯಾವು ನೋಡು, ಬೆಲ್ಲ ಚೆಲ್ಲಿದಂಗ!"

ಪಿಯುಸಿಯಲ್ಲಿ ವಿಜ್ಞಾನ ಓದಿದ್ದ ನನಗೆ ಮೂತ್ರದಲ್ಲಿ ಸಕ್ಕರೆಯಿರಬೇಕೆಂದು ಹೆದರಿಕೆಯಾಯಿತು. ಅತ್ತೆಗೆ ಹೆದರಿಕೆಯಿಲ್ಲ, ಬರೀ ಬೆರಗು.

ಡಾಕ್ಟರು ಸಕ್ಕರೆ ಕಾಯಿಲೆ ಎಂದರು. "ಉಂಡದ್ದು ಸಕ್ರಿ ಆಗಿ ರಕ್ತಕ್ಕ ಸೇರ್ತದ್ರಿ. ಅದನ್ನ ಮೈ ಒಳಗ ತಗೋಬೇಕಂದ್ರ ಹೊಟ್ಟಿ ಹಿಂದಿನ ಒಂದು ಗ್ರಂಥಿ ಇನ್ಸುಲಿನ್ ಅನ್ನೋ ರಸ ಬಿಡಬೇಕು. ನಿಮಗ ಅದು ಸಾಲವಲ್ದು. ಹೆಚ್ಚಾದ ಸಕ್ರಿ ಉಚ್ಚಿಗೆ ಇಳಿಯಾಕತ್ತದ." ಗುಳಿಗೆ ಬರೆದು, ಮನೆಯಲ್ಲೇ ಪರೀಕ್ಷಿಸಲು ಒಂದು ಸೀಸೆ ನೀಲಿ ನೀರು ಕೊಟ್ಟರು.

ಗಾಜಿನ ನಳಿಕೆಯಲ್ಲಿ ಆ ನೀರಿಗೆ ಕೆಲವು ಹನಿ ಮೂತ್ರ ಬೆರೆಸಿ ಕಾಯಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿಯೇ. ಹೆಚ್ಚಿದಂತೆ ಹಸಿರು, ಹಳದಿ, ಕಡೆಗೆ ಇಟ್ಟಿಗೆ ಕೆಂಪು. ಅತ್ತೆಗೆ ಅದರ ಹುಚ್ಚೇ ಹಿಡಿಯಿತು. ಅನ್ನ ಉಂಡು ನೋಡಿದರು, ರೊಟ್ಟಿ ಉಂಡು ನೋಡಿದರು. ಬೇಡವೆಂದರೂ ಮಾವಿನಹಣ್ಣು ತಿಂದು, ಕೆಂಪಾದ ನಳಿಕೆ ಹಿಡಿದು ನಕ್ಕರು. ಸಂತೆಗೆ ನಡೆದು ಬಂದ ದಿನ ಹಸಿರು.

"ನಡದ್ರ ಸಕ್ರಿ ಎಲ್ಲಿ ಹೋಗ್ತದ?"

"ಕಾಲು ತಿಂತಾವ, ಅತ್ತಿ."

ಶ್ರಾವಣದ ಒಂದು ಸೋಮವಾರ ಅವರ ಉಪವಾಸ. ಗುಳಿಗೆ ತಪ್ಪಿಸಬಾರದೆಂಬುದಷ್ಟೇ ನೆನಪಿಟ್ಟುಕೊಂಡು ಅದನ್ನು ನುಂಗಿ, ನನ್ನ ಜೊತೆ ಚಂದ್ರಬಂಡದ ನೆಂಟರ ಮನೆಗೆ ಹೊರಟರು. ಬಸ್ಸಿಳಿದು ನಡೆಯುವಾಗ ಅವರ ಕೈ ನಡುಗಿದವು, ಕುಪ್ಪಸ ಬೆವರಿನಲ್ಲಿ ತೊಯ್ದಿತು, ಮಾತು ತೊದಲಿತು. ಹೀಗಾದರೆ ಸಕ್ಕರೆ ಕೊಡಿ ಎಂದು ಡಾಕ್ಟರು ಹೇಳಿದ್ದರು. ದಾರಿ ಬದಿಯ ಚಹಾದಂಗಡಿಗೆ ಕರೆದೊಯ್ದು ಕೂರಿಸಿ, "ಲಗೂನ ಸಕ್ರಿ ನೀರು ಕೊಡ್ರಿ" ಎಂದೆ. ಅಂಗಡಿಯವನು ಕಲಸಿ ಕೊಟ್ಟ. ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾದವು.

"ಸಕ್ರಿ ಬ್ಯಾನಿಗೆ ಸಕ್ರೀನ ಔಷಧೇನ ಬೇ?" ಅದು ಅವರ ಮೊದಲ ಮಾತು.

ಮರುದಿನ ಅದನ್ನೇ ಡಾಕ್ಟರಿಗೂ ಕೇಳಿದರು. "ಉಪವಾಸ ಇದ್ದಾಗ ಲಿವರು ಕೂಡಿಟ್ಟ ಸಕ್ರಿ ರಕ್ತಕ್ಕ ಬಿಡ್ತದ್ರಿ," ಎಂದರು ಅವರು. "ನಿಮ್ಮ ಗುಳಿಗಿ ಇನ್ಸುಲಿನ್ ಹೆಚ್ಚು ಮಾಡಿ ಅದನ್ನ ತಡೀತು. ಮ್ಯಾಲ ನಡಿಗಿ ಬ್ಯಾರೆ. ರಕ್ತದಾಗಿನ ಸಕ್ರಿ ತೀರಾ ಇಳೀತು."

"ನಿನ್ನೆ ಮುಂಜಾನೆ ನೀರು ನೀಲಿನ ಇತ್ತಲ್ರಿ?"

"ಅದು ಹೆಚ್ಚಾದದ್ದು ಹೇಳ್ತದ, ಕಮ್ಮಿ ಆದದ್ದು ಹೇಳಂಗಿಲ್ಲ."

ಅತ್ತೆಗೆ ಇನ್ನೊಂದು ಪ್ರಶ್ನೆಯಿತ್ತು. "ಕುರಿಗೂ ಈ ಬ್ಯಾನಿ ಬರ್ತದೇನ್ರಿ?"

ಡಾಕ್ಟರು ನಕ್ಕರು. "ಅದನ್ನ ದನದ ಡಾಕ್ಟರಿಗೇ ಕೇಳಬೇಕ್ರಿ."

ಗುಳಿಗೆ ಅರ್ಧಕ್ಕಿಳಿಯಿತು. ದೀಪಾವಳಿ ಮುಗಿದ ಮೇಲೆ ಅತ್ತೆ ಊರಿಗೆ ಹೊರಟು ನಿಂತರು. "ಉಣ್ಣದ ದಿನ ಗುಳಿಗಿ ನುಂಗಂಗಿಲ್ಲ, ಗುಳಿಗಿ ನುಂಗಿದ ದಿನ ಉಪವಾಸ ಇಲ್ಲ. ಆತಿಲ್ಲೋ?" ಎಂದು ನನಗೇ ಬುದ್ಧಿ ಹೇಳಿ ಬಸ್ಸು ಹತ್ತಿದರು. ಕಣ್ಣು ಮಂಜಾಗುವವರೆಗೂ, ಇನ್ನೂ ಬಹಳ ವರ್ಷ, ಸೆರಗಿನ ತುದಿಗೆ ಒಂದಿಷ್ಟು ಬೆಲ್ಲ ಕಟ್ಟಿಕೊಂಡು ಕುರಿಗಳ ಹಿಂದೆ ನಡೆದರು.