ಎರೆಹೊಲದ ಬಿರುಕು

ಮೂವತ್ತು ವರ್ಷ ನಾನು ವಿಮಾನ ನಿಲ್ದಾಣಗಳ ರನ್‌ವೇ ವಿನ್ಯಾಸ ಮಾಡಿದೆ. ಎರೆಭೂಮಿಯ ಮಣ್ಣು ಪರೀಕ್ಷೆಗೆ ಯಾವಾಗಲೂ ಚಳಿಗಾಲದಲ್ಲೇ ಹೋಗುತ್ತಿದ್ದೆ. ಬೀದರಿನ ಬಿಸಿಲಲ್ಲಿ ಬೆಳೆದವನಿಗೆ ಮೇ ತಿಂಗಳಲ್ಲಿ ಬಯಲಿಗಿಳಿಯುವ ಹುಚ್ಚು ಯಾಕೆ ಬೇಕು?

ನಿವೃತ್ತಿಗೆ ಒಂದು ವರ್ಷವಿದ್ದಾಗ, ಬೇಸಿಗೆಯಲ್ಲಿ, ಹಲಬರ್ಗಾದ ಅಕ್ಕನ ಹೊಲಕ್ಕೆ ಹೋಗಿದ್ದೆ. ಎರೆನೆಲ ಬಾಯಿಬಿಟ್ಟಿತ್ತು. ಅಕ್ಕ ಕೈಯಲ್ಲಿದ್ದ ಕೋಲನ್ನು ಒಂದು ಬಿರುಕಿಗೆ ಇಳಿಸಿದಳು. ಎದೆಯೆತ್ತರದ ಕೋಲು, ಹಿಡಿ ಮಾತ್ರ ಮೇಲೆ ಉಳಿಯಿತು.

"ಮಳಿ ಬಿದ್ರ ಇದು ಉಬ್ಬಿ ಮುಚ್ಕೋತದ. ಮುಚ್ಚಿದ ಮ್ಯಾಲ ಚಳಿಗಾಲದಾಗ ಬಂದು ನೋಡಿದ್ರ ನಿನಗ ಏನ್ ತಿಳೀತದ?" ಎಂದಳು.

ನಾನು ಸಹಿ ಹಾಕಿದ ನಕ್ಷೆಗಳೆಲ್ಲ ಮುಚ್ಚಿಕೊಂಡ ನೆಲವನ್ನೇ ನಂಬಿದ್ದವು.

ಇದುವರೆಗೆ ಎಲ್ಲಿಯೂ ಏನೂ ಆಗಿಲ್ಲ. ಆದರೂ ಮೊದಲ ಮಳೆಯ ದಿನ ಫೋನು ರಿಂಗಾದರೆ ಯಾವ ನಿಲ್ದಾಣದಿಂದ ಬಂತೋ ಎಂದು ಮೊದಲು ನಂಬರು ನೋಡುತ್ತೇನೆ. ವಿಮಾನ ಇಳಿಯುವಾಗ ಎರಡೂ ಕಾಲು ಮೇಲೆತ್ತಿಕೊಂಡು ಕಣ್ಣು ಮುಚ್ಚಿಬಿಡುತ್ತೇನೆ. ಮೊನ್ನೆ ಪಕ್ಕದ ಸೀಟಿನಲ್ಲಿ ಭಾಲ್ಕಿಯ ಅಜ್ಜಿಯೊಬ್ಬರಿದ್ದರು, ಮೊದಲ ಸಲ ವಿಮಾನ ಹತ್ತಿದವರು. ನನ್ನ ಕೈ ಹಿಡಿದು ಧೈರ್ಯ ಹೇಳಿದರು: "ಅಂಜಬ್ಯಾಡ್ರಿ ಸಾಹೇಬ್ರ, ನೆಲಾ ಬಂತು."