ರವೂಫರ ಉಸಿರು

ಬರ್ ದುಬೈಯ ಜವಳಿ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಅಬ್ದುಲ್ ರವೂಫರ ಹೆಸರು ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ದೇರಳಕಟ್ಟೆ ಕಡೆಯ ಬ್ಯಾರಿ, ವಯಸ್ಸು ಐವತ್ತಮೂರು, ಅದರಲ್ಲಿ ಇಪ್ಪತ್ತಾರು ಈ ಗಲ್ಲಿಯಲ್ಲೇ ಕಳೆದದ್ದು. ಕೆಲಸ ರಿಪೇರಿ. ರೇಡಿಯೊ, ಡಬ್ಬಿ ಟಿವಿ, ಮಿಕ್ಸಿ, ಯಾವುದನ್ನೂ ಆಗುವುದಿಲ್ಲ ಎಂದು ಹಿಂದೆ ಕಳಿಸಿದ ಜನ ಅಲ್ಲ. ಮಾತು ಕಡಿಮೆ, ಹಟ ಜಾಸ್ತಿ.

ಅವರದ್ದೊಂದು ಕ್ರಮ ಉಂಟು. ಕೆಲಸ ಶುರು ಮಾಡುವ ಮೊದಲು ಕಣ್ಣು ಮುಚ್ಚಿ, ದೇವರ ಹೆಸರಿನ ಬಿಸ್ಮಿ ಹೇಳಿ, ಎದುರಿಗಿರುವ ವಸ್ತುವಿಗೆ ಮೂರು ಸಲ ಊದುತ್ತಾರೆ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅವರ ಉಮ್ಮ ಹಾಗೇ ಊದುತ್ತಿದ್ದರು. ಊದಿದರೆ ರೇಡಿಯೊದ ಧೂಳೂ ಹಾರುತ್ತಿತ್ತು, ರವೂಫರಿಗೆ ಧೈರ್ಯವೂ ಬರುತ್ತಿತ್ತು. "ರವೂಫ್ ಭಾಯಿ ಊದಿದರೆ ಅರ್ಧ ರಿಪೇರಿ ಆದ ಹಾಗೆ" ಎಂದು ಜವಳಿ ಅಂಗಡಿಯವರು ತಮಾಷೆ ಮಾಡುವುದುಂಟು. ತಮ್ಮದೇ ಟಿವಿ ಕೆಟ್ಟ ದಿನ ಮಾತ್ರ ತಮಾಷೆ ಬಿಟ್ಟು ಭಕ್ತಿಯಿಂದ ಊದಿಸಿಕೊಂಡು ಹೋಗುತ್ತಿದ್ದರು.

ಆದರೆ ಕಾಲ ಯಾರಿಗೆ ಕಾಯುತ್ತದೆ? ಈಗ ಟಿವಿ ಕೆಟ್ಟರೆ ಜನ ಹೊಸತು ತರುತ್ತಾರೆ. ಅಂಗಡಿಗೆ ಬರುವುದೆಲ್ಲ ಗೇಮ್ ಕನ್ಸೋಲ್. ಯಾರೋ ವಯರು ಎಳೆದು, ಅದನ್ನು ಟಿವಿಗೆ ಜೋಡಿಸುವ ಪೋರ್ಟನ್ನೇ ಕಿತ್ತಿರುತ್ತಾರೆ. ಒಳಗೆ ನೋಡಿದರೆ ಎಳ್ಳುಕಾಳೇ ದೊಡ್ಡದು ಎನ್ನಿಸುವಂಥ ಬಿಡಿಭಾಗಗಳು. ರವೂಫರ ಹಳೆಯ ಸೋಲ್ಡರಿಂಗ್ ಐರನ್ ಇಟ್ಟರೆ ಒಂದೇ ಸಲಕ್ಕೆ ಹತ್ತು ಮುಚ್ಚಿಹೋಗುತ್ತವೆ.

ರವೂಫರು ದುಡಿಯುವ ಈ ರಿಪೇರಿ ಅಂಗಡಿಯ ಯಜಮಾನ ಮುಝಮ್ಮಿಲ್, ಭಟ್ಕಳದವರು. ಕೆಟ್ಟ ಮನುಷ್ಯ ಅಲ್ಲ, ಆದರೆ ವ್ಯಾಪಾರಿ. ಅಕ್ಟೋಬರಿನ ಮೊದಲ ವಾರ ಕರೆದು ಹೇಳಿದರು: "ನಿಮ್ಮ ವೀಸಾ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಈ ಕನ್ಸೋಲಿನ ಬೋರ್ಡಿನ ಕೆಲಸ ಕಲಿತರೆ ರಿನ್ಯೂ ಮಾಡಿಸುತ್ತೇನೆ. ಇಲ್ಲದಿದ್ದರೆ ಖಲಾಸ್. ನಾನಾದರೂ ಎಂತ ಮಾಡಲಿ?"

ರವೂಫರ ಹೆಂಡತಿ ಮೈಮೂನ, ಮಗಳು ಹನಾ ಇಬ್ಬರೂ ಇಲ್ಲಿ ಇರುವುದು ಅವರದೇ ವೀಸಾದ ಮೇಲೆ. ಹನಾಗೆ ಹನ್ನೆರಡನೆಯ ತರಗತಿ, ಪರೀಕ್ಷೆಗೆ ಇನ್ನು ನಾಲ್ಕು ತಿಂಗಳು. ನಡುವೆ ಗಂಟುಮೂಟೆ ಕಟ್ಟಿಸಿದರೆ ಆ ಹುಡುಗಿಯ ಓದು ನೀರಿನಲ್ಲಿ ಮಾಡಿದ ಹೋಮ.

ಕಲಿತರು ಮಾರಾಯ್ರೆ, ಐವತ್ತಮೂರರಲ್ಲಿ ಕಲಿತರು. ತಲೆಗೆ ಭೂತಗನ್ನಡಿ ಕಟ್ಟಿಕೊಂಡರು. ಹನಾ ಫೋನಿನಲ್ಲಿ ವಿಡಿಯೊ ಹುಡುಕಿಕೊಟ್ಟಳು, ಪಕ್ಕದಲ್ಲಿ ನಿಂತು "ಉಪ್ಪ, ಡೋಂಟ್ ಪ್ರೆಸ್, ಜಸ್ಟ್ ಟಚ್" ಎಂದು ಮೇಷ್ಟ್ರ ಹಾಗೆ ಗದರಿದಳು. ಮೊದಲ ವಾರ ಗುಜರಿ ಬೋರ್ಡುಗಳ ತಾಮ್ರವೇ ಎದ್ದು ಬಂತು. ಎರಡನೆಯ ವಾರ ಗೊತ್ತಾಯಿತು, ಬೇಕಾದ್ದು ಬಲವಲ್ಲ, ಫ್ಲಕ್ಸ್ ಎಂಬ ಅಂಟು ಮತ್ತು ತಾಳ್ಮೆ. ಫ್ಲಕ್ಸ್ ಸವರಿ ಬಿಸಿ ಮುಟ್ಟಿಸಿದರೆ ಬೆಸುಗೆಯ ಸೀಸ ತಾನಾಗಿ ತನ್ನ ಜಾಗಕ್ಕೆ ಹರಿದು ಹೋಗುತ್ತದೆ. ಮೂರನೆಯ ವಾರಕ್ಕೆ ಪೋರ್ಟುಗಳು ನೆಟ್ಟಗೆ ಕೂತವು.

ಒಂದೇ ಒಂದು ಕಾಟ ಉಳಿಯಿತು. ಪೋರ್ಟಿನ ಹಿಂದೆ ಎಳ್ಳಿನ ಗಾತ್ರದ, ತಂತಿ ಸುತ್ತಿದ ನಾಲ್ಕು ಕಾಯಿಲುಗಳಿರುತ್ತವೆ. ಅವನ್ನು ಗುಜರಿ ಬೋರ್ಡಿನಿಂದ ಬಿಡಿಸಿ ಬಿಳಿ ಕಾಗದದ ಮೇಲೆ ಇಟ್ಟರೆ, ಚಿಮಟದಲ್ಲಿ ಎತ್ತುವಷ್ಟರಲ್ಲಿ ಮಾಯ. ರವೂಫರು ಎಸಿಯನ್ನು ಬೈದರು, ಚಿಮಟವನ್ನು ಬೈದರು. ಮುಝಮ್ಮಿಲ್ ಮುಂದಿನ ಕೌಂಟರಿನಿಂದಲೇ, "ಕಣ್ಣು ಹೋಗಿದೆ ನಿಮಗೆ" ಎಂದರು. ಕಾರಣ ಎಂತದೆಂದು ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿರಬಹುದು. ರವೂಫರಿಗೆ ಮಾತ್ರ ಗೊತ್ತಾಗಲಿಲ್ಲ. ಊದುವಾಗ ಅವರ ಕಣ್ಣು ಮುಚ್ಚಿರುತ್ತದಲ್ಲ!

ತಿಂಗಳ ಕೊನೆಯ ಶುಕ್ರವಾರ. ಗಿರಾಕಿಯ ಕನ್ಸೋಲೊಂದು ಬಿಚ್ಚಿ ಕೂತಿತ್ತು. ಹೊಸ ಪೋರ್ಟು ಹಾಕಿಯಾಗಿತ್ತು, ಒಂದು ಕಾಯಿಲು ಒಡೆದಿತ್ತು. ಅದಕ್ಕೆ ಹೊಂದುವ ಗುಜರಿ ಬೋರ್ಡಿನ ನಾಲ್ಕರಲ್ಲಿ ಮೂರು ಆಗಲೇ ಮಾಯವಾಗಿ, ಉಳಿದದ್ದು ಒಂದು. "ನಾಲ್ಕು ಗಂಟೆಗೆ ಬರುತ್ತೇನೆ, ಇದರ ಮೇಲೆಯೇ ನನ್ನ ತೀರ್ಮಾನ" ಎಂದು ಹೇಳಿ ಮುಝಮ್ಮಿಲ್ ಜುಮಾಕ್ಕೆ ಹೋದರು. ರವೂಫರೂ ನಮಾಜು ಮುಗಿಸಿ ಓಡಿ ಬಂದು, ಶಟರು ಅರ್ಧ ಎಳೆದು ಕೂತರು. ಮೈಮೂನ ಗಂಡನ ಊಟದ ಡಬ್ಬಿ ಹಿಡಿದು ಬಂದು ಎದುರಿನ ಸ್ಟೂಲಿನಲ್ಲಿ ಕೂತಳು.

ರವೂಫರು ಕೊನೆಯ ಕಾಯಿಲನ್ನು ಬಿಡಿಸಿ ಕಾಗದದ ಮೇಲಿಟ್ಟರು. ಕಣ್ಣು ಮುಚ್ಚಿದರು. ಬಿಸ್ಮಿ ಹೇಳಿದರು. ಊದಿದರು.

"ಅದು ಹೋಯಿತಲ್ಲ" ಎಂದಳು ಮೈಮೂನ.

"ಎಂತದು?"

"ನೀವು ಊದಿದ್ದು. ಹಾರಿ ಹೋಯಿತು."

ರವೂಫರು ಕಾಗದ ನೋಡಿದರು, ಹೆಂಡತಿಯ ಮುಖ ನೋಡಿದರು. ಇಷ್ಟು ದಿನ ಬೈದದ್ದೆಲ್ಲ ತಮ್ಮ ಬಾಯಿಗೇ ಬಂದು ಕೂತಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ, ದಿನವಿಡೀ ಸುಡುವ ಕೆಲಸವನ್ನೇ ಮಾಡಿದರೂ ಇವರದ್ದು ಹೋಗಿರಲಿಲ್ಲ. ನಾಚಿಕೆ, ಸಿಟ್ಟು, ಎಲ್ಲಕ್ಕಿಂತ ಹೆಚ್ಚು ಹೆದರಿಕೆ. ಗಂಟೆ ಎರಡೂವರೆ ಆಗಿತ್ತು. "ಮುಗಿಯಿತು ಮೈಮೂನ, ಇನ್ನು ಊರಿಗೆ ಟಿಕೆಟ್ ನೋಡುವುದು" ಎಂದರು.

ಈ ಊರಿನ ಅಕ್ಕಿಯಲ್ಲಿ ಕಲ್ಲಿಲ್ಲ, ಆದರೂ ಆರಿಸದೆ ನೀರಿಗೆ ಹಾಕಿದರೆ ಮೈಮೂನಗೆ ಸಮಾಧಾನವಿಲ್ಲ. ಮಗಳು ಎಷ್ಟು ನಗಾಡಿದರೂ ಬಿಟ್ಟವಳಲ್ಲ. ಈಗ ಎಸಿ ಆಫ್ ಮಾಡಿದಳು. ಗಂಡನನ್ನು ಅಲ್ಲಾಡಬೇಡಿ ಎಂದಳು. ಮೇಜಿನ ಕೆಳಗೆ, ಗೋಡೆಯ ಮೂಲೆಯಲ್ಲಿ ಮೆಲ್ಲನೆ ಗುಡಿಸಿ, ಧೂಳನ್ನೆಲ್ಲ ಊಟದ ಡಬ್ಬಿಯ ಸ್ಟೀಲ್ ಮುಚ್ಚಳಕ್ಕೆ ಹಾಕಿ, ಬೆಳಕಿಗೆ ಹಿಡಿದು ಬೆರಳ ತುದಿಯಲ್ಲಿ ಆರಿಸತೊಡಗಿದಳು. ಸೀಸದ ಚೂರು ಒಂದು ಕಡೆ, ದಾರದ ತುಂಡು ಇನ್ನೊಂದು ಕಡೆ. ಅರ್ಧ ಗಂಟೆ ಕಳೆಯಿತು.

"ಇದಾ ನೋಡಿ" ಎಂದಳು. "ಇದರ ಅಣ್ಣತಮ್ಮಂದಿರೂ ಇಬ್ಬರು ಇದ್ದಾರೆ."

ಮುಚ್ಚಳದಲ್ಲಿ ಮೂರು ಕಾಯಿಲುಗಳಿದ್ದವು. ರವೂಫರು ಕೈ ಚಾಚಿದರು, ತುಟಿ ಊದಲು ಮುಂದೆ ಬಂತು. ಮೈಮೂನ ಮುಚ್ಚಳವನ್ನು ಸರಕ್ಕನೆ ಹಿಂದೆ ಎಳೆದಳು.

"ನಾನು ಊದದೆ ಹೇಗೆ ಶುರು ಮಾಡಲಿ?" ಎಂದರು ಅವರು, ಮಗುವಿನ ಹಾಗೆ. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ.

"ಮಲಗುವ ಮೊದಲು ಅಂಗೈಗೆ ಊದಿ ಮೈಗೆ ಸವರಿಕೊಳ್ಳುತ್ತೀರಲ್ಲ, ಹಾಗೆ. ಕೆಲಸ ಮಾಡುವುದು ಕೈ ತಾನೆ? ಕೈಗೆ ಊದಿ."

ರವೂಫರು ಗೋಡೆಯ ಕಡೆ ತಿರುಗಿ ಬಿಸ್ಮಿ ಹೇಳಿದರು, ಎರಡೂ ಅಂಗೈಗೆ ಊದಿ ಉಜ್ಜಿಕೊಂಡರು. ಆಮೇಲೆ ಉಸಿರು ಬಿಗಿಹಿಡಿದು ಚಿಮಟ ಎತ್ತಿದರು. ಕಾಯಿಲು ಫ್ಲಕ್ಸಿನ ಮೇಲೆ ಕೂತಿತು. ಐರನ್ನಿನ ಮೊನೆ ಒಂದು ಕೊನೆ ಮುಟ್ಟಿತು, ಇನ್ನೊಂದು ಕೊನೆ ಮುಟ್ಟಿತು. ಸೀಸ ಮಿನುಗಿ ಹರಿದು ನಿಂತಿತು. ಭೂತಗನ್ನಡಿಯಲ್ಲಿ ನೋಡಿದರೆ ಒಂದಿಷ್ಟೂ ಸೊಟ್ಟ ಇಲ್ಲ.

ನಾಲ್ಕಕ್ಕೆ ಶಟರು ಎತ್ತಿ ಮುಝಮ್ಮಿಲ್ ಬಂದರು. ಕನ್ಸೋಲನ್ನು ತಾವೇ ಟಿವಿಗೆ ಜೋಡಿಸಿದರು. ಕಪ್ಪು ಪರದೆ ಕಪ್ಪಾಗಿಯೇ ಇತ್ತು. ಮೈಮೂನ ಸೆರಗು ಬಿಗಿ ಹಿಡಿದಳು. ಆಮೇಲೆ ನೀಲಿ ಬೆಳಕು ಬಂತು, ಚಿತ್ರ ಬಂತು, ಸದ್ದೂ ಬಂತು.

ಮುಝಮ್ಮಿಲ್ ವಯರನ್ನು ಎರಡು ಸಲ ಕಿತ್ತು ಚುಚ್ಚಿ ನೋಡಿದರು. "ನಾಳೆ ಬೆಳಿಗ್ಗೆ ಪಾಸ್‌ಪೋರ್ಟ್ ತನ್ನಿ, ಎರಡು ಫೋಟೊ ಕೂಡ" ಎಂದು ಹೇಳಿ ಕೌಂಟರಿಗೆ ಹೋಗಿ ಕೂತರು.

ಬದುಕಿದೆವು ಎಂಬ ಒಂದೇ ಮಾತು ರವೂಫರ ಮನಸ್ಸಿನಲ್ಲಿ ಸುತ್ತುತ್ತಿತ್ತು. ಮೈಮೂನ ಮಗಳಿಗೆ ಫೋನಿನಲ್ಲಿ ಸುದ್ದಿ ಕಳಿಸಿ, ಡಬ್ಬಿ ಬಿಚ್ಚಿ, ಅನ್ನಕ್ಕೆ ಬಂಗುಡೆ ಸಾರು ಹಾಕಿ ಮುಂದಿಟ್ಟಳು. ಸಾರು ತಣ್ಣಗಾಗಿ ಎರಡು ಗಂಟೆ ಆಗಿತ್ತು. ರವೂಫರು ತುತ್ತು ಎತ್ತಿ, ಕಣ್ಣು ಮುಚ್ಚಿ, ಮೂರು ಸಲ ಊದಿದರು. ಮೈಮೂನ ನೋಡಿದಳು, ತಡೆಯಲಿಲ್ಲ.