ಬೈಯಲು ಒಂದು ಹೆಸರು

ಕಳೆದ ವಾರ ಹಳೆಯ ಕೈಚೀಲವನ್ನು ಒಗೆಯಲು ತೆಗೆದು ಕೊಡವಿದಾಗ ಬೆರಳುದ್ದದ ಬಳಪದ ತುಂಡೊಂದು ನೆಲಕ್ಕೆ ಬಿತ್ತು. ಕಬ್ಬಿಣದ ತಗಡಿನ ಮೇಲೆ ಗೆರೆ ಎಳೆಯುವ ಚಪ್ಪಟೆ ಬಳಪ. ಎತ್ತಿ ಮೂಸಿದೆ. ಗ್ರೈಂಡರಿನಲ್ಲಿ ಸುಟ್ಟ ಕಬ್ಬಿಣದ ವಾಸನೆ ಇನ್ನೂ ಇತ್ತು, ಅಥವಾ ಇದೆ ಎಂದು ನನಗೆ ಅನ್ನಿಸಿತು…

ಅದು ಮೇಸ್ತ್ರಿಯವರದು, ನಾನು ಚಾಚಾ ಎಂದು ಕರೆಯುತ್ತಿದ್ದವರದು. ಸಿರುಗುಪ್ಪದಿಂದ ಕರೂರಿಗೆ ಹೋಗುವ ದಾರಿಯಲ್ಲಿ ಅವರ ಶೆಡ್ಡು ಇತ್ತು. ಅಕ್ಕಿ ಗಿರಣಿಗಳಿಗೆ ಹಾಪರು ಮಾಡುತ್ತಿದ್ದರು: ಮೇಲೆ ಅಗಲ ಬಾಯಿ, ಕೆಳಗೆ ಸಣ್ಣ ಬಾಯಿ, ಸುರಿದ ಭತ್ತ ಜಾರಿ ಇಳಿಯುವ ತಗಡಿನ ದೊಡ್ಡ ಲಾಳಿಕೆ. ನಾನು ಆಗಷ್ಟೇ ಎಂಜಿನಿಯರಿಂಗ್ ಮುಗಿಸಿ ಬಳ್ಳಾರಿಯ ಒಂದು ಡ್ರಾಯಿಂಗ್ ಆಫೀಸಿಗೆ ಸೇರಿದ್ದೆ. ದಿನಾ ಕುರುಗೋಡಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಆ ಹಾಪರುಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುವುದು ನನ್ನ ಕೆಲಸ.

ಮೇಸ್ತ್ರಿ ಓದಿದ್ದು ಮೂರನೇ ಕ್ಲಾಸು. ಆಫೀಸಿಗೆ ಬಂದರೆ ನನ್ನ ಕುರ್ಚಿಯ ಹಿಂದೆ ನಿಂತು ಪರದೆ ನೋಡುತ್ತಿದ್ದರು.

"ಇಷ್ಟು ದೊಡ್ಡ ಹಾಪರು ಈ ಸಣ್ಣ ಟೀವಿಯಾಗ ಹೆಂಗ ಹಿಡಿಸಿದ್ರಿ ಅಮ್ಮಾ?"

ಕ್ಯಾಡ್‌ನಲ್ಲಿ ಎಲ್ಲವನ್ನೂ ನಿಜ ಅಳತೆಯಲ್ಲೇ ಬರೆಯುತ್ತೇವೆ, ಎಂಟು ಅಡಿ ಅಂದರೆ ಎಂಟು ಅಡಿಯೇ, ಹಾಳೆಗೆ ಪ್ರಿಂಟು ತೆಗೆಯುವಾಗ ಮಾತ್ರ ಸ್ಕೇಲಿಗೆ ಇಳಿಸುತ್ತೇವೆ ಎಂದೆ. ಕಾಲೇಜಿನಲ್ಲಿ ನಮಗೆ ಇದು ತಲೆಗೆ ಹೋಗಲು ಅರ್ಧ ಸೆಮಿಸ್ಟರ್ ಹಿಡಿದಿತ್ತು. ಅವರು ಕೂಡಲೇ ನಕ್ಕರು. "ಹಂಗಾರ ನನ್ನ ಶೆಡ್ಡಿನ ನೆಲ ಇದ್ದಂಗ ಐತಿ ಬಿಡ್ರಿ."

ತಗಡಿಗೆ ಕತ್ತರಿ ಹಾಕುವ ಮುನ್ನ ಅವರು ಸಿಮೆಂಟು ನೆಲದ ಮೇಲೆ ಹಾಪರನ್ನು ಪೂರ್ತಿ ಅಳತೆಯಲ್ಲಿ ಬಳಪದಿಂದ ಬರೆದು ನೋಡುತ್ತಿದ್ದರು. ಲೇಯರ್ ಎಂದರೇನು ಎಂದೂ ಒಮ್ಮೆ ಕೇಳಿದ್ದರು. ತಗಡಿನ ಗೆರೆ ಒಂದು ಪದರ, ಬೋಲ್ಟಿನ ತೂತು ಇನ್ನೊಂದು ಪದರ, ಬೇಡವಾದದ್ದನ್ನು ಕಾಣದಂತೆ ಮಾಡಬಹುದು ಎಂದೆ. "ನಮ್ಮನಿಯಾಕಿ ಮಾತಿಗೂ ಅಂಥಾದ್ದೊಂದು ಇದ್ರ ಹಾಕಿ ಕೊಡ್ರಿ" ಎಂದರು.

ಅವರದು ಇನ್ನೊಂದು ಪದ್ಧತಿ ಇತ್ತು. ಅಳತೆ ಯಾರದೋ ಅವರ ಹೆಸರನ್ನು ತಗಡಿನ ಮೂಲೆಯಲ್ಲಿ ಬಳಪದಿಂದ ಬರೆಯುವುದು. ತಪ್ಪಾದರೆ ಯಾರಿಗೆ ಬೈಯಬೇಕು ಎಂದು ಗೊತ್ತಿರಬೇಕಲ್ಲ, ಅದಕ್ಕೆ.

ನಕ್ಷೆಯ ಬಲಗಡೆಯ ಕೆಳಮೂಲೆಯಲ್ಲೂ ಅಂಥದ್ದೊಂದು ಚೌಕ ಇರುತ್ತದೆ. ಟೈಟಲ್ ಬ್ಲಾಕ್ ಅನ್ನುತ್ತೇವೆ. ಅದರಲ್ಲಿ ಬರೆದವರ ಹೆಸರಿಗೆ ಒಂದು ಮನೆ. ನಾನು ಬರೆದ ನಕ್ಷೆಗಳಲ್ಲಿ ಆ ಮನೆಯೊಳಗೆ ಮಾಲೀಕರ ಅಕ್ಕನ ಮಗನ ಹೆಸರು ಇರುತ್ತಿತ್ತು. "ಹುಡುಗಿ ಬರದಿದ್ದು ಅಂದ್ರ ಮಿಲ್ಲಿನವರು ನೂರೆಂಟು ಕೇಳ್ತಾರಮ್ಮ" ಎಂದಿದ್ದರು ಮಾಲೀಕರು. ಏಳು ತಿಂಗಳು ಆ ಹೆಸರನ್ನು ನಾನೇ ಟೈಪು ಮಾಡಿದೆ. ಅಳತೆಯೆಲ್ಲ ಅವನದು, ನಾನು ಬರೀ ಕಂಪ್ಯೂಟರಿಗೆ ಏರಿಸುವಾಕೆ ಎಂದೇ ಮೇಸ್ತ್ರಿಯೂ ತಿಳಿದಿದ್ದರು.

ಒಂದು ದೊಡ್ಡ ಹಾಪರಿನ ಕೆಲಸ ಬಂದಾಗ ಮಾಲೀಕರು ಆ ಅಳಿಯನನ್ನೂ, ಲ್ಯಾಪ್‌ಟಾಪು ಹಿಡಿಯಲು ನನ್ನನ್ನೂ ಶೆಡ್ಡಿಗೆ ಕರೆದುಕೊಂಡು ಹೋದರು. ಮೇಸ್ತ್ರಿ ಹಾಳೆ ಬಿಡಿಸಿದರು. ಒಂದು ಗೆರೆಯ ಮೇಲೆ ಬೆರಳಿಟ್ಟು ಅಳಿಯನನ್ನು ಕೇಳಿದರು, "ಈ ಮೂಲಿ ಅಳತಿ ಎಲ್ಲಿಂದ ತಂದೀಲೇ?"

ಅವನು ನನ್ನ ಮುಖ ನೋಡಿದ.

"ಎದುರಿನ ನೋಟದಿಂದ ತಗೊಂಡೀನಿ" ಎಂದೆ. ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು.

ಮೇಸ್ತ್ರಿ ನನ್ನನ್ನು ನೋಡಿದರು, ಚೌಕದಲ್ಲಿದ್ದ ಹೆಸರು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಬರದಾಕಿ ನೀನೇನು! ಏ ಹುಡುಗೀ, ಕಣ್ಣೇನು ಕುರುಗೋಡಿನ್ಯಾಗ ಬಿಟ್ಟು ಬರ್ತೀ ಏನಲೇ? ನಾಲ್ಕು ಬೆರಳು ಕಡಿಮಿ ಐತಿ! ಹಿಂಗ ಕತ್ತರಿಸಿದ್ರ ಭತ್ತೆಲ್ಲಾ ಸಂದಿಲೆ ಸೋರಿ ಇಲಿಗಳು ಲಗ್ನದ ಊಟ ಹಾಕಿಸ್ತಾವ!"

ಅಳಿಯ ಕಿಸಕ್ಕನೆ ನಕ್ಕ. ಮಾಲೀಕರು, "ಅದಕ್ಕ ನಾ ಹೇಳಿದ್ದು…" ಎಂದು ಶುರುಮಾಡಿದರು.

"ಸುಮ್ನಿರ್ರಿ ಸಾಹುಕಾರ್ರ. ಏಳು ತಿಂಗಳಿಂದ ಇದ ಮೂಲಿ ನೆಲದ ಮ್ಯಾಲ ತಿದ್ದಾಕ ಹತ್ತೀನಿ. ಪ್ರತಿ ಸಲ ನಿಮ್ಮ ಅಳಿಯಗ ಫೋನ್ ಹಚ್ಚಿ ಬೈದೀನಿ. ಹೂಂ ಅಂತಾನ. ಮುಂದಿನ ಹಾಳ್ಯಾಗ ಮತ್ತ ಅದ ತಪ್ಪು. ಈಗ ತಿಳೀತು ಯಾಕಂತ."

ಬಳಪ ನನ್ನ ಕೈಗೆ ಕೊಟ್ಟು ನೆಲದ ಮೇಲೆ ಕೂರಿಸಿದರು. ಹಾಪರಿನ ಮೂಲೆ ಎರಡು ಕಡೆಗೂ ವಾಲಿರುತ್ತದೆ. ಎದುರಿನಿಂದ ನೋಡಿದರೆ ನಿಜಕ್ಕಿಂತ ಗಿಡ್ಡ ಕಾಣುತ್ತದೆ. ಕಂಡ ಉದ್ದವನ್ನೇ ನಾನು ಅಳೆದಿದ್ದೆ, ಕಂಪ್ಯೂಟರು ಅಳೆದು ಕೊಟ್ಟಿತ್ತು. ಓದಿದ ಪಾಠವೇ, ಮರೆತಿದ್ದೆ. ಎತ್ತರಕ್ಕೆ ಒಂದು ಗೆರೆ, ಮೇಲಿನಿಂದ ಕಾಣುವ ಉದ್ದಕ್ಕೆ ಅದಕ್ಕೆ ಲಂಬವಾಗಿ ಇನ್ನೊಂದು, ಎರಡರ ತುದಿಗೂ ಟೇಪು ಹಿಡಿಸಿದರು. ನನ್ನ ಅಳತೆಗಿಂತ ಸರಿಯಾಗಿ ನಾಲ್ಕು ಬೆರಳು ಹೆಚ್ಚು.

ನಕ್ಷೆಯ ಮೇಲಿನ ಹೆಸರನ್ನು ಕಸಿದುಕೊಂಡಿದ್ದಕ್ಕೆ ನಾನು ಅಷ್ಟು ನೊಂದಿರಲಿಲ್ಲ. ಆದರೆ ಏಳು ತಿಂಗಳ ಬೈಗುಳ ನನ್ನದಾಗಿತ್ತು. ಅದು ನನಗೆ ತಲುಪಿದ್ದರೆ ಮೊದಲ ವಾರದಲ್ಲೇ ತಿದ್ದಿಕೊಳ್ಳುತ್ತಿದ್ದೆ. ಅದನ್ನೂ ಬೇರೆಯವನೊಬ್ಬ ಚಹಾ ಕುಡಿಯುತ್ತಾ ಕೇಳಿಸಿಕೊಂಡು ಮರೆತಿದ್ದ. ನೆಲದಿಂದ ಎದ್ದೆ. ಹಾಳೆಯ ಮೇಲಿದ್ದ ಹೆಸರನ್ನು ಪೆನ್ನಿನಿಂದ ಹೊಡೆದುಹಾಕಿ ನನ್ನದನ್ನು ಬರೆದೆ.

"ಏನಮ್ಮಾ ಇದು?" ಎಂದರು ಮಾಲೀಕರು.

"ಇನ್ನ ಮ್ಯಾಲ ನನ್ನ ಹೆಸರ ಇರ್ಲಿ ಸರ್. ಇಲ್ಲಾಂದ್ರ ನಕ್ಷಿನೂ ಅವ್ರ ಬರೀಲಿ."

ಕೆಲಸ ಹೋಯಿತು ಎಂದುಕೊಂಡೆ. ಮನೆಗೆ ಆಗ ನನ್ನ ಸಂಬಳ ಬೇಕಿತ್ತು. ಮಾಲೀಕರು ಮೇಸ್ತ್ರಿಯ ಕಡೆ ತಿರುಗಿದರು. ಮೇಸ್ತ್ರಿ ಕತ್ತರಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ ಬಂದರು.

"ಬರದವರ ಹೆಸರಿಲ್ಲದ ಹಾಳಿಗೆ ನಾ ತಗಡು ಮುಟ್ಟಂಗಿಲ್ಲ. ಬೈದ್ರ ತಿದ್ಕೊಳ್ಳೋರು ಬೇಕು ನನಗ."

ಮಿಲ್ಲಿನವರು ಅವಸರ ಮಾಡುತ್ತಿದ್ದರು. ಮಾಲೀಕರು ಹೊರಗೆ ಹೋಗಿ ಫೋನು ಹಿಡಿದು ನಿಂತರು, ಆಮೇಲೆ ಒಳಗೆ ಬಂದು "ಆಗ್ಲಿ" ಎಂದರು. ಮೇಸ್ತ್ರಿ ನನ್ನ ಹೆಸರು ಕೇಳಿ ಇನ್ನೊಂದು ಬಳಪದಿಂದ ತಗಡಿನ ಮೂಲೆಯಲ್ಲಿ ದೊಡ್ಡದಾಗಿ ಬರೆದರು. ಸಂಜೆ ಗ್ರೈಂಡರು ಹೊಡೆಯುವಾಗ ಅದು ಅಳಿಸಿಹೋಯಿತು. ಅವರು ಕೊಟ್ಟಿದ್ದ ಬಳಪ ನನ್ನ ಕೈಯಲ್ಲೇ ಉಳಿದಿತ್ತು. ಕುರುಗೋಡಿನ ಬಸ್ಸಿನಲ್ಲಿ ಕೂತ ಮೇಲೆ ನೋಡಿದೆ. ವಾಪಸು ಕೊಡಲಿಲ್ಲ.

ಆಮೇಲೆ ಅವರ ಫೋನು ನೇರವಾಗಿ ನನಗೇ ಬರುತ್ತಿತ್ತು. ನಾನು "ಚಾಚಾ" ಅನ್ನುವ ಮೊದಲೇ ಬೈಗುಳ ಶುರು. ಬರಬರುತ್ತಾ ಬೈಗುಳ ಕಡಿಮೆಯಾಯಿತು, ಫೋನೂ ಕಡಿಮೆಯಾಯಿತು… ನಾನು ಬೇರೆ ಕೆಲಸ ಹಿಡಿದೆ. ಅವರು ತೀರಿಕೊಂಡ ಸುದ್ದಿ ಹದಿನೈದು ದಿನ ತಡವಾಗಿ ಬಂತು. ಶೆಡ್ಡಿನಲ್ಲಿ ಈಗ ಗೊಬ್ಬರದ ಚೀಲಗಳಿವೆ. ಆ ನೆಲ ಅವುಗಳ ಅಡಿಯಲ್ಲಿದೆ.

ಬಳಪ ಸಿಕ್ಕ ದಿನವೇ ಒಬ್ಬ ಗುತ್ತಿಗೆದಾರರ ಕಡೆಯಿಂದ ಮೇಲ್ ಬಂದಿತ್ತು. ಹಾಪರಿನ ನಕ್ಷೆ ಚೆನ್ನಾಗಿದೆ, ಬರೆದವರ ಹೆಸರಿನ ಮನೆ ಮಾತ್ರ ಖಾಲಿ ಬಿಟ್ಟು ಕಳಿಸಿ, ನಾವು ತುಂಬಿಕೊಳ್ಳುತ್ತೇವೆ ಎಂದು.

ಮೂಲೆಯ ಉದ್ದವನ್ನು ಮೂರು ಸಲ ಲೆಕ್ಕ ಹಾಕಿ ನೋಡಿದೆ. ಆ ಮನೆಯಲ್ಲಿ ನನ್ನ ಹೆಸರು ಟೈಪು ಮಾಡಿ ಕಳಿಸಿದೆ. ಖಾಲಿ ಬೇಕೆಂದು ಮತ್ತೆ ಬರೆದರು. ಮತ್ತೆ ಅದೇ ನಕ್ಷೆಯನ್ನೇ ಕಳಿಸಿದೆ.

ಬಳಪ ಕೀಬೋರ್ಡಿನ ಪಕ್ಕದಲ್ಲಿದೆ. ಎಲ್ಲಾದರೂ ಒಂದು ಬೆರಳು ತಪ್ಪಿದ್ದೀನೇನೋ… ಬೈಯಲು ಹೆಸರಿದೆ. ಸಿರುಗುಪ್ಪದಿಂದ ಫೋನು ಬರುವುದಿಲ್ಲ.